ಅರ್ಧಕ್ಕೆ ನಿಂತ ರೈಸ್ ಮಿಲ್: ಮುಗಿಸಬೇಕಾ, ಕೈ ಬಿಡಬೇಕಾ?

ಪ್ರಶ್ನೆ: ಸರ್, ನಮ್ಮದು ಕಾರಟಗಿ ಹತ್ತಿರ. ಮೂರು ಜನ ಅಣ್ಣತಮ್ಮಂದಿರು ಸೇರಿ ಹೊಸ ರೈಸ್ ಮಿಲ್ ಹಾಕ್ತಾ ಇದ್ದೀವಿ. ಗಂಟೆಗೆ 4 ಟನ್ ಮಿಲ್ಲು, ಅದರ ಜೊತೆಗೆ ಬಾಯ್ಲರ್, ನೆನೆಹಾಕೋ ಟ್ಯಾಂಕು, ಡ್ರೈಯರ್ ಇರೋ ಕುಸುಬಲಕ್ಕಿ ಘಟಕ. ಅಂದಾಜು 4.8 ಕೋಟಿ, ಅದರಲ್ಲಿ 3.2 ಕೋಟಿ ಬ್ಯಾಂಕ್ ಸಾಲ. ಹತ್ತು ತಿಂಗಳಲ್ಲಿ ಮುಗಿಯಬೇಕಿತ್ತು, ಈಗ ಇಪ್ಪತ್ತೆರಡನೇ ತಿಂಗಳು. 4.3 ಕೋಟಿ ಖರ್ಚಾಗಿದೆ. ಮಿಷಿನ್ ಕೊಟ್ಟವರೇ ಫಿಟ್ಟಿಂಗೂ ಮಾಡ್ತಾ ಇದ್ದಾರೆ. ಅವರು ನಮ್ಮ ಬೀಗರ ಕಡೆಯವರು. "90 ಪರ್ಸೆಂಟ್ ಮುಗಿದಿದೆ, ಇನ್ನು 40 ಲಕ್ಷ ಕೊಡಿ, ಒಂದೂವರೆ ತಿಂಗಳಲ್ಲಿ ಓಡಿಸಿ ಕೊಡ್ತೀನಿ" ಅಂತ ನಾಲ್ಕು ತಿಂಗಳಿಂದ ಹೇಳ್ತಾ ಇದ್ದಾರೆ. ದೊಡ್ಡಣ್ಣ, ಇಷ್ಟು ಹಾಕಿದ ಮೇಲೆ ಬಿಡೋದು ಹೇಗೆ, ಇನ್ನೊಂದು ಎಕರೆ ಮಾರಿಯಾದರೂ ಮುಗಿಸೋಣ ಅಂತಾನೆ. ಕೊನೆಯ ತಮ್ಮ, ಬಂದಷ್ಟಕ್ಕೆ ಮಾರಿ ಕೈ ತೊಳ್ಕೊಳ್ಳೋಣ ಅಂತಾನೆ. ನಡುವಿನವನು ನಾನು. ಯಾರ ಮಾತು ಸರಿ? ಇದು ಇಷ್ಟು ಕೆಡೋದು ಮೊದಲೇ ನಮಗೆ ಗೊತ್ತಾಗಬೇಕಿತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆ ಒಂದಕ್ಕೊಂದು ಸುತ್ತಿಕೊಂಡಿವೆ. ಮಿಲ್ ಇವತ್ತು ನಿಜವಾಗಿ ಯಾವ ಸ್ಥಿತಿಯಲ್ಲಿದೆ ಅನ್ನೋದು ಒಂದು. ಅದನ್ನು ಮುಗಿಸಬೇಕಾ ಬಿಡಬೇಕಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ನಿಮ್ಮ ಮೂವರಲ್ಲಿ ಯಾರ ಹತ್ತಿರವೂ ಇಲ್ಲ. ಹಾಗಿದ್ದೂ ಎರಡನೆಯದರ ಮೇಲೆ ಮನೆಯಲ್ಲಿ ಜಗಳ ನಡೆದಿದೆ. ಹೊಲ ಮಾರುವ ಮಾತನ್ನು ಈಗಲೇ ನಿಲ್ಲಿಸಿ. ಮಿಲ್ ಮಾರುವ ಮಾತನ್ನೂ ನಿಲ್ಲಿಸಿ. 40 ಲಕ್ಷದಲ್ಲಿ ಒಂದು ರೂಪಾಯಿಯನ್ನೂ ಈ ವಾರ ಕೊಡಬೇಡಿ. ಹದಿನೈದು ದಿನ ತಡೆದರೆ ಏನೂ ಮುಳುಗುವುದಿಲ್ಲ, ಇಪ್ಪತ್ತೆರಡು ತಿಂಗಳೇ ಕಳೆದಿವೆ.

ನಾನು ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮಿಲ್ಲು, ಜಿನ್ನಿಂಗ್ ಫ್ಯಾಕ್ಟರಿ, ಸ್ಪಾಂಜ್ ಐರನ್ ಘಟಕಗಳನ್ನು ಕಟ್ಟಿ ನಿಲ್ಲಿಸುವ ಕೆಲಸದಲ್ಲೇ ಇರುವವನು. "90 ಪರ್ಸೆಂಟ್ ಮುಗಿದಿದೆ" ಅನ್ನೋ ಮಾತು ನನಗೆ ತುಂಬಾ ಪರಿಚಯ. ಹೇಳುವವರು ಸುಳ್ಳೇ ಹೇಳುತ್ತಾರೆ ಅಂತ ಅಂದುಕೊಳ್ಳಬೇಡಿ. ಅವರ ಲೆಕ್ಕ ಹಣದ ಲೆಕ್ಕ. ರೈಸ್ ಮಿಲ್ಲಿನಲ್ಲಿ ಹಣದ ದೊಡ್ಡ ಪಾಲು ಮಿಷಿನ್‌ಗೆ ಹೋಗುತ್ತದೆ. ಕ್ಲೀನರ್, ಡಿಸ್ಟೋನರ್, ಶೆಲ್ಲರ್, ಸೆಪರೇಟರ್, ಪಾಲಿಶರ್, ಸಾರ್ಟೆಕ್ಸ್, ಬಾಯ್ಲರ್ ಎಲ್ಲ ಲಾರಿಯಿಂದ ಇಳಿದ ದಿನವೇ ಹಣದ ಲೆಕ್ಕದಲ್ಲಿ ಮುಕ್ಕಾಲು ಕೆಲಸ ಮುಗಿದಂತೆ ಕಾಣುತ್ತದೆ. ಆದರೆ ಮಿಲ್ ಓಡಬೇಕಾದರೆ ಉಳಿದಿರೋದು ಕೇಬಲ್ ಎಳೆಯೋದು, ಪ್ಯಾನಲ್ ಜೋಡಿಸೋದು, ಭತ್ತ ಮೇಲಕ್ಕೆತ್ತುವ ಎಲಿವೇಟರ್ ಸಾಲಾಗಿ ನಿಲ್ಲಿಸೋದು, ಸ್ಟೀಮ್ ಲೈನ್ ವೆಲ್ಡಿಂಗ್, ವಿದ್ಯುತ್ ಕಂಪನಿ ಜೆಸ್ಕಾಂನ ಎಚ್‌ಟಿ (ಹೈ ಟೆನ್ಷನ್) ಕನೆಕ್ಷನ್, ವಿದ್ಯುತ್ ಪರಿವೀಕ್ಷಕರ ಒಪ್ಪಿಗೆ, ಬಾಯ್ಲರ್ ಇಲಾಖೆಯ ತಪಾಸಣೆ, ಮಾಲಿನ್ಯ ನಿಯಂತ್ರಣ ಮಂಡಳಿಯ ಪರವಾನಗಿ. ಇವಕ್ಕೆ ಹಣ ಕಮ್ಮಿ, ದಿನ ಜಾಸ್ತಿ. ಒಂದರ ಹಿಂದೆ ಒಂದು ಕಾಯುವ ಕೆಲಸಗಳು ಇವು. ಎಚ್‌ಟಿ ಲೈನ್ ಬರದೆ ಮೋಟಾರ್ ತಿರುಗಲ್ಲ, ಮೋಟಾರ್ ತಿರುಗದೆ ಎಲಿವೇಟರ್ ಬೆಲ್ಟ್ ಎತ್ತ ಜಾರುತ್ತದೆ ಅಂತ ಗೊತ್ತಾಗಲ್ಲ, ಬಾಯ್ಲರ್‌ಗೆ ನೀರು ತುಂಬಿ ಒತ್ತಡದ ಪರೀಕ್ಷೆ ಮಾಡಿಸಿ ನೋಂದಣಿ ಆಗದೆ ಸ್ಟೀಮ್ ಹಾಕುವ ಹಾಗಿಲ್ಲ. ಹಾಗಾಗಿ ಹಣದ ಲೆಕ್ಕದಲ್ಲಿ 90 ಆದ ಮಿಲ್ಲು ದಿನದ ಲೆಕ್ಕದಲ್ಲಿ 60 ಇರಬಹುದು.

ಮೊದಲೇ ಗೊತ್ತಾಗಬೇಕಿತ್ತಾ ಅಂತ ಕೇಳಿದ್ದೀರಿ. ಗೊತ್ತಾಗುತ್ತಿತ್ತು, ಆದರೆ ಏನನ್ನು ನೋಡಬೇಕು ಅಂತ ನಿಮಗೆ ಯಾರೂ ಹೇಳಿರಲಿಲ್ಲ. ಇದಕ್ಕೆ ಯಾರೂ ತಲೆ ತಗ್ಗಿಸಬೇಕಾಗಿಲ್ಲ. ಈಗ ಹೇಳುತ್ತೇನೆ, ಮುಂದಿನ ಆರು ತಿಂಗಳಿಗೂ ಇದು ಬೇಕಾಗುತ್ತದೆ.

ಲೇಟಾಗೋದು ದೊಡ್ಡ ಗುರುತಲ್ಲ. ಮಳೆಗೆ ಲೇಟಾಗುತ್ತದೆ, ಹಬ್ಬಕ್ಕೆ ಲೇಟಾಗುತ್ತದೆ, ನಾಟಿ ಟೈಮಲ್ಲಿ ನಮ್ಮ ಕಡೆ ಕೂಲಿ ಆಳು ಸಿಗೋದೇ ಇಲ್ಲ. ಇಂಥ ತಡ ಒಂದು ಸಲ ಬಂದು ಹೋಗುತ್ತದೆ. ಆಮೇಲೆ ಹೇಳಿದ ದಿನಕ್ಕೆ ಕೆಲಸ ಆಗುತ್ತದೆ. ಭಯಪಡಬೇಕಾದ ತಡ ಬೇರೆ. ಪ್ರತಿ ಸಲ ಕೇಳಿದಾಗಲೂ "ಒಂದೂವರೆ ತಿಂಗಳು" ಅನ್ನೋ ಅದೇ ಉತ್ತರ ಬಂದರೆ, ಉಳಿದ ಕೆಲಸ ಎಷ್ಟು ಅಂತ ಹೇಳುವವರಿಗೇ ಗೊತ್ತಿಲ್ಲ ಅಂತ ಅರ್ಥ. ಮೊದಲ ಸಲ ಅಲ್ಲದಿದ್ದರೂ, ಎರಡನೇ ಸಲ ಅದೇ ಉತ್ತರ ಬಂದಾಗಲೇ ನೀವು ಅವರನ್ನು ನಿಲ್ಲಿಸಿ ಕೇಳಬೇಕಿತ್ತು.

ಇನ್ನೊಂದು ಗುರುತು ಅಡ್ವಾನ್ಸ್. ಹೋದ ಸಲ ಕೊಟ್ಟ ಹಣದ ಸಾಮಾನು ಬರುವ ಮುಂಚೆಯೇ ಮುಂದಿನ ಸಾಮಾನಿಗೆ ಅಡ್ವಾನ್ಸ್ ಕೇಳಿದರೆ, ನಿಮ್ಮ ಹಣ ಬೇರೆ ಯಾರದೋ ಮಿಲ್ಲಿನ ಸಾಮಾನಿಗೆ ಹೋಗಿರುವ ಸಾಧ್ಯತೆ ಇದೆ. ಸಣ್ಣ ಗುತ್ತಿಗೆದಾರರಲ್ಲಿ ಇದು ಮಾಮೂಲು. ಮೂರು ಸೈಟ್ ಹಿಡಿದಿರುತ್ತಾರೆ, ಯಾರು ಜೋರಾಗಿ ಕೂಗುತ್ತಾರೋ ಅವರ ಕೆಲಸ ನಡೆಯುತ್ತದೆ. ಬೀಗರ ಕಡೆಯವರು ಅಂತ ನೀವು ಕೂಗಲಿಲ್ಲ ಅನ್ನಿಸುತ್ತದೆ.

ಸೈಟಿನಲ್ಲಿ ಇರುವವರು ಬದಲಾಗುತ್ತಾ ಹೋಗೋದು ಮತ್ತೊಂದು. ಫಿಟ್ಟರ್ ಮೇಸ್ತ್ರಿ ಬಿಟ್ಟು ಹೋದ, ಎಲೆಕ್ಟ್ರಿಷಿಯನ್ ಬದಲಾದ, ಹೊಸಬ ಬಂದು ಹಳಬ ಮಾಡಿದ್ದನ್ನು ಬಿಚ್ಚಿದ. ಕೆಟ್ಟ ಸುದ್ದಿ ಎಲ್ಲಿಂದ ಬರುತ್ತದೆ ಅನ್ನೋದನ್ನೂ ಗಮನಿಸಿ. ಮೇಲ್ವಿಚಾರಕರು ನಿಮಗೆ ನೇರವಾಗಿ "ಇದು ಆಗಲಿಲ್ಲ" ಅಂತ ಹೇಳುತ್ತಿದ್ದರೆ ಸೈಟ್ ಆರೋಗ್ಯವಾಗಿದೆ. ವಾಚ್‌ಮನ್ ಬಾಯಲ್ಲೋ ಟ್ರ್ಯಾಕ್ಟರ್ ಡ್ರೈವರ್ ಬಾಯಲ್ಲೋ ಕೇಳಿ ತಿಳಿಯಬೇಕಾಗಿ ಬಂದರೆ ಆರೋಗ್ಯ ಕೆಟ್ಟಿದೆ.

ಈ ಭಾಗದ ಮಿಲ್‌ಗಳಲ್ಲಿ ಎಲ್ಲಕ್ಕಿಂತ ಮೊದಲು ನಾನು ನೋಡುವ ಜಾಗ ಎಲಿವೇಟರ್ ಗುಂಡಿ. ಭತ್ತ ಸುರಿಯುವ ಗುಂಡಿ, ಅದರ ಪಕ್ಕದಲ್ಲಿ ಬಕೆಟ್ ಎಲಿವೇಟರ್ ಕಾಲೂರುವ ಗುಂಡಿ. ನಮ್ಮದು ಎರೆ ಮಣ್ಣು, ಮೇಲೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. ಜವುಳು ಹಿಡಿದ ಜಾಗದಲ್ಲಿ ಬಸಿ ನೀರು ಎಷ್ಟು ಮೇಲಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮಣ್ಣು ಪರೀಕ್ಷೆ ಮಾಡಿಸದೆ ಬೇರೆ ಊರಿನ ಡ್ರಾಯಿಂಗ್ ತಂದು ಗುಂಡಿ ತೋಡಿದರೆ ತಳದಲ್ಲಿ ನೀರು ನಿಲ್ಲುತ್ತದೆ. ಗೋಡೆಗೆ ಸೀಳು ಬೀಳುತ್ತದೆ. ಸಿಂಧನೂರು ಕಡೆ ಒಂದು ಸೈಟಿನಲ್ಲಿ ಎಲಿವೇಟರ್‌ನ ಕೆಳಗಿನ ಪೆಟ್ಟಿಗೆ ಅರ್ಧ ನೀರಲ್ಲಿ ನಿಂತಿತ್ತು, ಬೇರಿಂಗ್ ತುಕ್ಕು ಹಿಡಿದು ಕೈಯಲ್ಲಿ ತಿರುಗಿಸಿದರೆ ತಿರುಗುತ್ತಿರಲಿಲ್ಲ. ಮೇಲೆ ನೋಡಿದರೆ ಹೊಸ ಬಣ್ಣದ ಮಿಷಿನ್‌ಗಳು ಪ್ಲಾಸ್ಟಿಕ್ ಹೊದಿಕೆ ಸಮೇತ ಸಾಲಾಗಿ ಇದ್ದವು, ಬಂದವರೆಲ್ಲ "ಎಲ್ಲಾ ಬಂದುಬಿಟ್ಟಿದೆಯಲ್ಲ" ಅಂತ ಹೇಳಿ ಹೋಗುತ್ತಿದ್ದರು. ಅಲ್ಲಿ ನಿಜವಾದ ಸ್ಥಿತಿ ಗುಂಡಿಯಲ್ಲಿತ್ತು. ನೀವು ನಾಳೆ ಬೆಳಿಗ್ಗೆ ಟಾರ್ಚ್ ಹಿಡಿದು ನಿಮ್ಮ ಗುಂಡಿಗೆ ಇಳಿದು ನೋಡಿ. ಆಮೇಲೆ ಬಾಯ್ಲರ್ ಫೌಂಡೇಶನ್ನಿನ ಬೋಲ್ಟ್‌ಗಳು ಬೇಸ್ ಪ್ಲೇಟಿನ ತೂತಿಗೆ ಸರಿಯಾಗಿ ಕೂತಿವೆಯಾ, ಇಲ್ಲ ಗ್ಯಾಸ್ ಕಟ್ಟರ್‌ನಿಂದ ತೂತು ದೊಡ್ಡದು ಮಾಡಿದ್ದಾರಾ ನೋಡಿ. ಪ್ಯಾನಲ್ ಬೋರ್ಡಿನ ಹಿಂದಿನ ಬಾಗಿಲು ತೆಗೆದು ಕೇಬಲ್‌ಗಳು ಟರ್ಮಿನಲ್‌ಗೆ ಸೇರಿವೆಯಾ, ಸುಮ್ನೆ ಸುರುಳಿ ಸುತ್ತಿ ಬಿಟ್ಟಿದ್ದಾರಾ ನೋಡಿ. ಈ ಮೂರು ಜಾಗ ಒಂದು ಗಂಟೆಯಲ್ಲಿ ನಿಮಗೆ ಹೇಳುವಷ್ಟು ಸತ್ಯವನ್ನು ಯಾವ ರಿಪೋರ್ಟೂ ಹೇಳಲ್ಲ.

ಅದಾದ ಮೇಲೆ ಒಬ್ಬ ಹೊರಗಿನ ಇಂಜಿನಿಯರ್ ಹತ್ತಿರ ಸರಿಯಾಗಿ ಲೆಕ್ಕ ಮಾಡಿಸಿ. ನಿಮ್ಮ ಸಪ್ಲೈಯರ್‌ಗೂ ಸಂಬಂಧ ಇರಬಾರದು, ಮಿಲ್ ಕೊಳ್ಳಬೇಕು ಅಂತ ಕಣ್ಣಿಟ್ಟವರಿಗೂ ಸಂಬಂಧ ಇರಬಾರದು. ಗಂಗಾವತಿಯಲ್ಲಿ ಮಿಲ್ ಓಡಿಸಿ ಅನುಭವ ಇರುವ ಒಬ್ಬ ಹಿರಿಯ ಫಿಟ್ಟರ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಅವರಿಗೆ ಪರ್ಸೆಂಟೇಜ್ ಕೇಳಲೇಬೇಡಿ. ಉಳಿದ ಕೆಲಸಗಳ ಪಟ್ಟಿ ಕೇಳಿ. ಪ್ರತಿ ಸಾಲಿನ ಮುಂದೆ ಆಗಿದೆ ಅಥವಾ ಆಗಿಲ್ಲ, ಎರಡೇ ಉತ್ತರ. "ಬಹುತೇಕ ಆಗಿದೆ" ಅಂದರೆ ಆಗಿಲ್ಲ ಅಂತಲೇ ಬರೆಯಿರಿ. ಸಾಮಾನು, ಕೂಲಿ, ದಿನ, ಯಾವುದಕ್ಕೆ ಯಾವುದು ಕಾಯಬೇಕು, ಇವನ್ನೂ ಬರೆಸಿ. ಪರವಾನಗಿಗಳಿಗೂ ಇದೇ ನಿಯಮ. "ಫೈಲ್ ಮೂವ್ ಆಗಿದೆ" ಅಂದರೆ ಆಗಿಲ್ಲ. ಅರ್ಜಿಯ ನಂಬರ್ ತಗೊಂಡು ನೀವೇ ವಿಚಾರಿಸಿ.

ಈಗ ದೊಡ್ಡಣ್ಣನ ಮಾತಿಗೆ ಬರುತ್ತೇನೆ. ಇಷ್ಟು ಹಾಕಿದ ಮೇಲೆ ಬಿಡೋದು ಹೇಗೆ ಅಂತ ಅವರು ಕೇಳೋದರಲ್ಲಿ ಅವರ ಬೆವರು ಇದೆ, ಊರಲ್ಲಿ ತಲೆ ಎತ್ತಿ ಓಡಾಡಬೇಕು ಅನ್ನೋ ಆಸೆ ಇದೆ. ಅದನ್ನು ಹಗುರವಾಗಿ ನೋಡಬೇಡಿ. ಆದರೆ ಲೆಕ್ಕಕ್ಕೆ ಅದು ಬರೋದಿಲ್ಲ. ಆ 4.3 ಕೋಟಿ ಮುಗಿಸಿದರೂ ಹೋಗಿದೆ, ಬಿಟ್ಟರೂ ಹೋಗಿದೆ. ಅದರ ಸಾಲದ ಕಂತು ಎರಡೂ ಕಡೆ ಕಟ್ಟಲೇಬೇಕು. ಹಾಗಿದ್ದ ಮೇಲೆ ತೀರ್ಮಾನ ಮಾಡುವಾಗ ಅದನ್ನು ಎರಡೂ ಕಡೆಯಿಂದ ತೆಗೆದುಬಿಡಬೇಕು. ಇವತ್ತಿನಿಂದ ಮುಂದಕ್ಕೆ ಎಷ್ಟು ಹಾಕಬೇಕು, ಎಷ್ಟು ಬರುತ್ತದೆ, ಇಷ್ಟೇ ಪ್ರಶ್ನೆ. ಕೊನೆಯ ತಮ್ಮನ ಮಾತಿಗೂ ಇದೇ ಅಳತೆ. ಬೇಸರದಲ್ಲಿ ಮಾರಿದರೂ ಅದು ಹಳೆಯ ಹಣವನ್ನು ನೋಡಿಯೇ ಮಾಡಿದ ತೀರ್ಮಾನ ಆಗುತ್ತದೆ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಈ ಅಂಕಿಗಳು ನನ್ನ ಊಹೆ, ನಿಮ್ಮ ಪಟ್ಟಿ ಬಂದ ಮೇಲೆ ನಿಜವಾದ ಅಂಕಿ ಹಾಕಿಕೊಳ್ಳಿ. ಪೂರ್ತಿ ಮುಗಿಸಲು 40 ಲಕ್ಷ ಅಲ್ಲ, 1.2 ಕೋಟಿ ಬೇಕು ಅಂತ ಇಂಜಿನಿಯರ್ ಹೇಳಿದರು ಅನ್ನಿ. ಇದ್ದ ಹಾಗೆ ಮಾರಿದರೆ ಮಿಲ್ಲಿನ ಮಿಷಿನ್‌ಗೆ 80 ಲಕ್ಷ, ಬಾಯ್ಲರ್ ಡ್ರೈಯರ್ ಭಾಗಕ್ಕೆ 50 ಲಕ್ಷ, ಒಟ್ಟು 1.3 ಕೋಟಿ ಬರುತ್ತದೆ ಅನ್ನಿ. ಮುಗಿಸ್ತೀವಿ ಅಂದರೆ ಆ 1.3 ಕೋಟಿಯನ್ನೂ ಬಿಟ್ಟುಕೊಟ್ಟ ಹಾಗೆ. ಅಂದರೆ ನೀವು ಇವತ್ತು ಹೂಡುತ್ತಿರೋದು 2.5 ಕೋಟಿ. ಇದನ್ನು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಮಿಲ್ ಓಡಿ, ಓಡಿಸುವ ಖರ್ಚೆಲ್ಲ ಕಳೆದು ವರ್ಷಕ್ಕೆ 60 ಲಕ್ಷ ಉಳಿದರೆ ಹಣ ತಿರುಗಿ ಬರಲು ನಾಲ್ಕು ವರ್ಷ ಚಿಲ್ಲರೆ. 40 ಲಕ್ಷ ಉಳಿದರೆ ಆರು ವರ್ಷ ದಾಟುತ್ತದೆ.

ಈಗ ಮೂರನೇ ದಾರಿ. ಕುಸುಬಲಕ್ಕಿ ಭಾಗ ಬಿಟ್ಟು ಬರೀ ಬಿಳಿ ಅಕ್ಕಿ ಲೈನ್ ಮಾತ್ರ ಮುಗಿಸೋದು. ಅದಕ್ಕೆ 45 ಲಕ್ಷ ಸಾಕು ಅನ್ನಿ. ಮಾರದೆ ಉಳಿಸಿಕೊಂಡ ಮಿಷಿನ್ ಬೆಲೆ 80 ಸೇರಿ 1.25 ಕೋಟಿ. ವರ್ಷಕ್ಕೆ 35 ಲಕ್ಷ ಉಳಿದರೆ ಮೂರೂವರೆ ವರ್ಷ. ಉಳಿದ ಕುಸುಬಲಕ್ಕಿ ಭಾಗಕ್ಕೆ ಮತ್ತೆ 75 ಲಕ್ಷ ಖರ್ಚು, ಮಾರಿದರೆ ಬರುತ್ತಿದ್ದ 50 ಲಕ್ಷ ಸೇರಿ ಅದೂ 1.25 ಕೋಟಿ. ಅದರಿಂದ ಹೆಚ್ಚಿಗೆ ಬರೋದು ವರ್ಷಕ್ಕೆ 25 ಲಕ್ಷ. ಅದು ಐದು ವರ್ಷ. ಒಟ್ಟಿಗೆ ನೋಡಿದಾಗ ಕಾಣದ್ದು ಬಿಡಿಸಿ ನೋಡಿದಾಗ ಕಾಣುತ್ತದೆ ಅಲ್ವಾ? ನಿಮ್ಮ ಅಂಕಿಗಳಲ್ಲಿ ಉತ್ತರ ಬೇರೆ ಬರಬಹುದು. ಆದರೆ ಈ ರೀತಿ ಬಿಡಿಸಿ ನೋಡದೆ ಮುಗಿಸಬಾರದು, ಬಿಡಲೂಬಾರದು.

ಯೋಜನೆಯನ್ನು ತುಂಡು ಮಾಡಬಹುದಾ ಅನ್ನೋದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ ಉದಾಹರಣೆ ನಿಮ್ಮ ಊರಲ್ಲೇ ಇದೆ. ಗಿಣಿಗೇರಾ–ಮೆಹಬೂಬ್‌ನಗರ ರೈಲು ಮಾರ್ಗ ಮಂಜೂರಾದದ್ದು 1997-98ರಲ್ಲಿ. ಗಂಗಾವತಿಗೆ ರೈಲು ಬಂದದ್ದು 2019ರಲ್ಲಿ, ಆಮೇಲೆ ಕಾರಟಗಿಗೆ, 2024ರಲ್ಲಿ ಸಿಂಧನೂರಿಗೆ. ವರ್ಷಗಳ ಲೆಕ್ಕದಲ್ಲಿ ನೋಡಿದರೆ ತುಂಬಾ ತಡ. ಆದರೆ ಹಳಿ ಮುಟ್ಟಿದ ಊರಿಗೆಲ್ಲ ಆ ದಿನದಿಂದಲೇ ಉಪಯೋಗ ಆಯಿತು. ಕೊನೆಯ ಕಿಲೋಮೀಟರ್ ಮುಗಿಯುವವರೆಗೆ ಯಾರೂ ಕಾಯಬೇಕಾಗಲಿಲ್ಲ. ತೋರಣಗಲ್ಲಿನಲ್ಲಿ ನಡೆದದ್ದು ಇದಕ್ಕೆ ವಿರುದ್ಧ. 1971ರಲ್ಲಿ ಇಂದಿರಾ ಗಾಂಧಿ ವಿಜಯನಗರ ಉಕ್ಕು ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಸರ್ಕಾರದ ಆ ಕಾರ್ಖಾನೆ ಏಳಲೇ ಇಲ್ಲ. 1990ರ ದಶಕದಲ್ಲಿ ಖಾಸಗಿ ಕಂಪನಿ ಬರುವವರೆಗೆ ಅಲ್ಲಿ ಉಕ್ಕು ಕರಗಲಿಲ್ಲ. ಉಕ್ಕಿನ ಕಾರ್ಖಾನೆಯನ್ನು ಕಾಲು ಭಾಗ ಕಟ್ಟಿ ಕಾಲು ಭಾಗ ಉಕ್ಕು ತೆಗೆಯಲು ಆಗಲ್ಲ. ಮಾಡುತ್ತೇವೆ ಅಂತಲೂ ಇಲ್ಲ, ಬಿಟ್ಟೆವು ಅಂತಲೂ ಇಲ್ಲ, ಅಂಥ ಸ್ಥಿತಿ ಸರ್ಕಾರಕ್ಕೆ ಇಪ್ಪತ್ತು ವರ್ಷ ತಡೆಯಬಹುದು. ಬಡ್ಡಿ ಕಟ್ಟುವ ಮನೆಗೆ ಎರಡು ಸೀಸನ್ ಕೂಡ ತಡೆಯಲ್ಲ.

ನಿಮ್ಮ ಮಿಲ್ಲನ್ನು ತುಂಡು ಮಾಡಬಹುದಾ? ಕಾಗದದ ಮೇಲೆ ಮಾಡಬಹುದು. ಕೆಲವು ವಿಷಯ ಖಚಿತ ಮಾಡಿಕೊಳ್ಳಬೇಕು. ಬಿಳಿ ಅಕ್ಕಿ ಲೈನಿಗೆ ಬೇಕಾದ ಎಲಿವೇಟರ್‌ಗಳು ಡ್ರೈಯರ್ ಮೂಲಕ ಹಾದು ಹೋಗುವಂತೆ ಲೇಔಟ್ ಮಾಡಿದ್ದರೆ ಬೈಪಾಸ್ ಕೊಡಬೇಕು. ಪ್ಯಾನಲ್ ಒಂದೇ ಇದ್ದರೆ ಆ ಭಾಗವನ್ನು ಬೇರೆ ಮಾಡಬೇಕು. ಹಸಿ ಭತ್ತ ತಗೊಳ್ಳಲು ಆಗಲ್ಲ, ಒಣಗಿದ ಭತ್ತ ಮಾತ್ರ ಕೊಳ್ಳಬೇಕಾಗುತ್ತದೆ. ಬಾಯ್ಲರ್‌ನಲ್ಲಿ ಉರಿಸಬೇಕೆಂದಿದ್ದ ಹೊಟ್ಟನ್ನು ಮಾರಬೇಕಾಗುತ್ತದೆ, ಅದಕ್ಕೆ ಗಿರಾಕಿ ಇದ್ದಾರೆ, ತೊಂದರೆ ಇಲ್ಲ. ಒಂದು ಅನುಕೂಲವೂ ಇದೆ. ನೆನೆಹಾಕಿದ ನೀರು ಹೊರಗೆ ಬಿಡುವ ಮುಂಚೆ ಶುದ್ಧೀಕರಣ ಘಟಕ ಬೇಕೇ ಬೇಕು. ಕುಸುಬಲಕ್ಕಿ ಮುಂದೂಡಿದರೆ ಆ ಖರ್ಚೂ ಮುಂದೆ ಹೋಗುತ್ತದೆ. ಆದರೆ ಪರವಾನಗಿಯಲ್ಲಿ ಬದಲಾವಣೆ ಬೇಕಾ ಅಂತ ಮಂಡಳಿಯಲ್ಲಿ ಕೇಳಿ ಬರವಣಿಗೆಯಲ್ಲಿ ತಗೊಳ್ಳಿ.

ಮತ್ತೊಂದು ವಿಷಯ, ಇದು ಮಿಷಿನ್‌ಗಿಂತ ದೊಡ್ಡದು. ನೀವು ಎರಡು ವರ್ಷದ ಹಿಂದೆ ಕುಸುಬಲಕ್ಕಿ ಹಾಕೋಣ ಅಂತ ಯಾಕೆ ತೀರ್ಮಾನ ಮಾಡಿದಿರಿ? ಆ ಕಾರಣ ಇವತ್ತೂ ಇದೆಯಾ? ನಮ್ಮ ಕಡೆಯ ಸೋನಾ ಮಸೂರಿ ಬಿಳಿ ಅಕ್ಕಿಯಾಗಿ, ಸ್ಟೀಮ್ ಅಕ್ಕಿಯಾಗಿ ಬೆಂಗಳೂರು ಕಡೆ ಹೋಗುತ್ತದೆ. ಕುಸುಬಲಕ್ಕಿಗೆ ಗಿರಾಕಿ ಕೇರಳ, ತಮಿಳುನಾಡು, ಕರಾವಳಿ, ಮತ್ತೆ ರಫ್ತು. ರಫ್ತಿನ ಕಥೆ ನೋಡಿ. 2023ರ ಜುಲೈಯಲ್ಲಿ ಕೇಂದ್ರ ಸರ್ಕಾರ ಬಾಸ್ಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಮುಂದಿನ ತಿಂಗಳೇ ಕುಸುಬಲಕ್ಕಿಗೆ 20% ರಫ್ತು ಸುಂಕ ಬಿತ್ತು. 2024ರ ಸೆಪ್ಟೆಂಬರ್‌ನಲ್ಲಿ ಬಿಳಿ ಅಕ್ಕಿ ರಫ್ತು ಮತ್ತೆ ತೆರೆಯಿತು, ಕುಸುಬಲಕ್ಕಿ ಸುಂಕ 10%ಗೆ ಇಳಿದು ಅಕ್ಟೋಬರ್‌ನಲ್ಲಿ ಪೂರ್ತಿ ಹೋಯಿತು. ಒಂದೂವರೆ ವರ್ಷದೊಳಗೆ ಇಷ್ಟೆಲ್ಲ. ನಿಮ್ಮ ಪ್ರಾಜೆಕ್ಟ್ ರಿಪೋರ್ಟ್ ಬರೆದವರು ಯಾವ ತಿಂಗಳ ರೇಟು ಹಿಡಿದು ಲಾಭ ತೋರಿಸಿದ್ದಾರೆ ಅಂತ ತೆಗೆದು ನೋಡಿ. ಇವತ್ತಿನ ರೇಟು ಹಾಕಿ ಮತ್ತೆ ಲೆಕ್ಕ ಮಾಡಿ.

ಭತ್ತದ ಲೆಕ್ಕವೂ ಹಾಗೆಯೇ. ರಿಪೋರ್ಟಿನಲ್ಲಿ ವರ್ಷಕ್ಕೆ 300 ದಿನ ಮಿಲ್ ಓಡುತ್ತದೆ ಅಂತ ಬರೆದಿದ್ದರೆ ಎರಡೂ ಬೆಳೆ ಸರಿಯಾಗಿ ಬರುತ್ತದೆ ಅಂತ ಹಿಡಿದಿದ್ದಾರೆ. 2023ರಲ್ಲಿ ಬರ ಬಿದ್ದು ತುಂಗಭದ್ರಾ ಡ್ಯಾಂ ತುಂಬದೆ ಬೇಸಿಗೆ ಬೆಳೆಗೆ ನೀರು ಸಿಗಲಿಲ್ಲ. ಮರು ವರ್ಷ ಡ್ಯಾಂ ತುಂಬಿತು, ಆದರೆ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋಯಿತು. ಒಂದೇ ಬೆಳೆಯ ವರ್ಷದಲ್ಲೂ ಬಡ್ಡಿ ಕಟ್ಟಲು ಆಗುತ್ತದಾ ಅಂತ ನೋಡಿ. ಆಗಲ್ಲ ಅಂದರೆ ಆ ಲೆಕ್ಕದ ಮೇಲೆ ಹೊಲ ಮಾರಬೇಡಿ.

ಗೇಟಿನ ಮಾತು ಬಂತಲ್ಲ, ಕೆಟ್ಟ ಕೆಲಸವನ್ನು ಎತ್ತಿ ನಿಲ್ಲಿಸೋದು ಹೇಗೆ ಅನ್ನೋದಕ್ಕೆ ನಾನು ನೋಡಿದ ಒಳ್ಳೆಯ ಉದಾಹರಣೆ ಅದೇ. 33 ಗೇಟುಗಳ ಡ್ಯಾಂ, ಆಗ ಎಲ್ಲವೂ ಹಳೆಯವು, ಒಂದು ಹೋಗಿತ್ತು. ಆ ವಾರ ಅವರು ಎಲ್ಲಾ ಗೇಟು ಸರಿಮಾಡಲು ಹೋಗಲಿಲ್ಲ, ಹೊಸ ಗೇಟು ಕೂರಿಸಲೂ ಹೋಗಲಿಲ್ಲ. ಈ ಬೆಳೆಗೆ ನೀರು ಉಳಿಯಬೇಕು, ಅಷ್ಟೇ ಗುರಿ. ಡ್ಯಾಂ ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಲ್ಲೇ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ಉಕ್ಕಿನ ತುಂಡುಗಳನ್ನು ಇಳಿಸಿದರು. ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಶಾಶ್ವತ ದುರಸ್ತಿ ಆಮೇಲಿನ ಮಾತು. ನಿಮ್ಮ ಮಿಲ್ ಉಳಿಸಬೇಕು ಅಂದರೂ ಇಷ್ಟೇ ಚಿಕ್ಕ ಗುರಿ ಬೇಕು. ಮುಂಗಾರು ಭತ್ತ ನವೆಂಬರ್ ಕೊನೆಗೆ, ಡಿಸೆಂಬರ್‌ಗೆ ಬರುತ್ತದೆ. ಆ ಭತ್ತ ನಿಮ್ಮ ಮಿಲ್ಲಿನಲ್ಲಿ ಅಕ್ಕಿಯಾಗಬೇಕು. ಅದಕ್ಕೆ ಬೇಕಿಲ್ಲದ ಕೆಲಸ ಯಾವುದೂ ಈಗ ಬೇಡ. ಆಫೀಸ್ ರೂಮ್ ಟೈಲ್ಸ್, ಕಾಂಪೌಂಡ್, ಹೆಸರಿನ ಕಮಾನು ಯಾವುದೂ ಬೇಡ.

ಉಳಿಸುವ ದಾರಿ ಹಿಡಿದರೆ ಕೆಲವು ತಪ್ಪು ನಂಬಿಕೆ ಬಿಡಬೇಕು. ಆಳು ಡಬಲ್ ಮಾಡಿದರೆ ಬೇಗ ಮುಗಿಯುತ್ತದೆ ಅನ್ನೋದು ಅಂಥದ್ದು. ಗೋಡೆ ಕಟ್ಟಲು ಅದು ಸರಿ. ಪ್ಯಾನಲ್ ವೈರಿಂಗ್‌ಗೆ, ಎಲಿವೇಟರ್ ಸಾಲು ನೋಡೋದಕ್ಕೆ ಹೊಸಬರು ಬಂದರೆ ಗೊತ್ತಿರುವ ಒಬ್ಬನೂ ಅವರಿಗೆ ಹೇಳಿಕೊಡುತ್ತಾ ನಿಲ್ಲುತ್ತಾನೆ, ಕೆಲಸ ಇನ್ನೂ ನಿಧಾನ. ಸಪ್ಲೈಯರ್ ಬದಲಾಯಿಸಿದರೆ ಎಲ್ಲಾ ಸರಿ ಹೋಗುತ್ತದೆ ಅನ್ನೋದೂ ಪೂರ್ತಿ ನಿಜ ಅಲ್ಲ. ಹೊಸಬರು ಹಳೆಯ ಕೆಲಸಕ್ಕೆ ಗ್ಯಾರಂಟಿ ಕೊಡಲ್ಲ, ಅರ್ಧ ಬಿಚ್ಚಿ ಮತ್ತೆ ಕಟ್ಟುತ್ತಾರೆ, ಹಳಬರು ಡ್ರಾಯಿಂಗ್ ಕೊಡಲ್ಲ. ಫೌಂಡೇಶನ್ ಕೆಟ್ಟಿದ್ದರೆ, ಅಥವಾ ಹಣ ಬೇರೆ ಕಡೆ ಹೋಗಿದೆ ಅಂತ ಬಿಲ್ಲಿನಿಂದ ಗೊತ್ತಾದರೆ ಬದಲಾಯಿಸಿ. ಬರೀ ಮುನಿಸಿಗೆ ಬೇಡ.

ಅವರನ್ನೇ ಉಳಿಸಿಕೊಂಡರೆ ಹಣ ಕೊಡುವ ರೀತಿ ಪೂರ್ತಿ ಬದಲಾಗಬೇಕು. ಕೇಬಲ್, ಪೈಪು, ಬೇರಿಂಗ್ ಏನೇ ಬೇಕಾದರೂ ಅಂಗಡಿಗೆ ನೀವೇ ನೇರವಾಗಿ ಕೊಡಿ. ಕೂಲಿಯನ್ನು ವಾರದ ಕೊನೆಗೆ, ಪಟ್ಟಿಯಲ್ಲಿ "ಆಗಿದೆ" ಅಂತ ಬಿದ್ದ ಸಾಲಿಗೆ ಮಾತ್ರ ಕೊಡಿ. ಒಂದು ಭಾಗ ಖಾಲಿ ಮಿಷಿನ್ ಓಡಿದ ದಿನ, ಒಂದು ಭಾಗ ಭತ್ತ ಹಾಕಿ ಓಡಿದ ದಿನ, ಕೊನೆಯದು ಗಂಟೆಗೆ ಹೇಳಿದಷ್ಟು ಟನ್ ಸತತವಾಗಿ ಬಂದು ನುಚ್ಚು ಮಿತಿಯಲ್ಲಿದ್ದ ಮೇಲೆ. ಮನೆಯಿಂದ ತೀರ್ಮಾನ ಹೇಳುವವರು ಒಬ್ಬರೇ ಇರಲಿ. ಮೂವರೂ ಮೂರು ಹೇಳಿದ್ದಕ್ಕೇ ಲೇಔಟ್ ಬದಲಾಗಿ ತಡವಾಗಿರಲೂಬಹುದು, ಸಪ್ಲೈಯರ್ ಹತ್ತಿರ ಆ ಬಗ್ಗೆ ಕೇಳಿ, ಅವರ ಮಾತನ್ನೂ ಸಮಾಧಾನದಿಂದ ಕೇಳಿಸಿಕೊಳ್ಳಿ.

ಬೀಗರ ಕಡೆಯವರಿಗೆ ಇದನ್ನು ಹೇಳೋದು ಕಷ್ಟ ಅಂತ ಗೊತ್ತು. ಅದಕ್ಕೇ ಹೊರಗಿನ ಇಂಜಿನಿಯರ್ ಪಟ್ಟಿ ಬೇಕು ಅನ್ನೋದು. "ನಿಮ್ಮ ಮೇಲೆ ನಂಬಿಕೆ ಇಲ್ಲ" ಅಂತ ಹೇಳುವ ಬದಲು "ಬ್ಯಾಂಕಿಗೆ ಈ ಪಟ್ಟಿ ಕೊಡಬೇಕು, ಕೂತು ನೋಡೋಣ" ಅಂತ ಹೇಳಬಹುದು, ಅದು ನಿಜವೂ ಹೌದು. ಹಿರಿಯರೊಬ್ಬರನ್ನು ಕೂರಿಸಿಕೊಂಡು ಮಾತಾಡಿ. ಮಾತಾದದ್ದನ್ನು ಬರೆದು ಎರಡೂ ಕಡೆ ಸಹಿ ಹಾಕಿ. ಸಂಬಂಧ ಉಳಿಯೋದು ಬರೆದಿಟ್ಟಾಗಲೇ.

ಬಿಡುವ ದಾರಿಯಲ್ಲೂ ಅಪಾಯ ಇದೆ. ಮಿಷಿನ್‌ಗಳು ಬ್ಯಾಂಕಿಗೆ ಅಡವಾಗಿರುತ್ತವೆ, ಅವರ ಒಪ್ಪಿಗೆ ಪತ್ರ ಇಲ್ಲದೆ ಒಂದು ಮೋಟಾರನ್ನೂ ಮಾರುವ ಹಾಗಿಲ್ಲ. ಮಾರಿದ ಹಣ ಮೊದಲು ಸಾಲಕ್ಕೆ ಹೋಗುತ್ತದೆ. ಸಪ್ಲೈಯರ್ ಸಣ್ಣ ಉದ್ದಿಮೆ ಅಂತ ನೋಂದಣಿ ಮಾಡಿಸಿದ್ದು, ನೀವು ಒಪ್ಪಿಕೊಂಡ ಬಿಲ್ ಬಾಕಿ ಇದ್ದರೆ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ 45 ದಿನ ದಾಟಿದ ಮೇಲೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಆದ್ದರಿಂದ ಲೆಕ್ಕ ಚುಕ್ತಾ ಮಾಡಿ ಬರೆಸಿಕೊಂಡೇ ಬಿಡಬೇಕು. ಸರ್ಕಾರದ ಸಬ್ಸಿಡಿ ತಗೊಂಡಿದ್ದರೆ ವಾಪಸ್ ಕೊಡುವ ಷರತ್ತು ಇದೆಯಾ ಓದಿ. ಇಡೀ ಮಿಲ್ಲನ್ನು ಇದ್ದ ಹಾಗೆ ಓಡಿಸಲು ಬಲ್ಲ ಮಿಲ್ಲರ್‌ಗೆ ಪಾಲು ಕೊಡೋದು, ಅಥವಾ ಮುಗಿಸಿಕೊಂಡು ಲೀಸ್‌ಗೆ ಓಡಿಸಿ ಅಂತ ಕೊಡೋದು, ಇವೂ ಬಿಡುವ ದಾರಿಗಳೇ. ಬಿಡಿ ಬಿಡಿಯಾಗಿ ಗುಜರಿ ರೇಟಿಗೆ ಮಾರೋದು ಕೊನೆಯ ಮಾತು.

ಬ್ಯಾಂಕಿಗೆ ಹೇಳಿದರೆ ತೊಂದರೆ ಅಂತ ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ ಅದನ್ನು ಬಿಡಿ. ಕಂತು 90 ದಿನಕ್ಕಿಂತ ಹೆಚ್ಚು ಬಾಕಿ ಉಳಿದರೆ ಖಾತೆ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತದೆ. ಆಮೇಲೆ ಮ್ಯಾನೇಜರ್‌ಗೆ ಮನಸ್ಸಿದ್ದರೂ ಕೈ ಕಟ್ಟಿರುತ್ತದೆ. ಮಿಲ್ ಶುರುವಾಗುವ ದಿನಾಂಕವನ್ನು ಮುಂದೂಡಲು ಆರ್‌ಬಿಐ ನಿಯಮದಲ್ಲಿ ಮಿತಿಯೊಳಗೆ ಅವಕಾಶ ಇದೆ, ಆದರೆ ಅದನ್ನು ಖಾತೆ ಕೆಡುವ ಮುಂಚೆ ಕೇಳಬೇಕು, ಕೈಯಲ್ಲಿ ಪಟ್ಟಿ ಹಿಡಿದು ಕೇಳಬೇಕು. ದುಡಿಯುವ ಬಂಡವಾಳದ ಮಾತನ್ನೂ ಅಲ್ಲೇ ಆಡಿ. ಮಿಲ್ ಮುಗಿಸಿ ಭತ್ತ ಕೊಳ್ಳಲು ಹಣ ಇಲ್ಲದೆ ಬೀಗ ಹಾಕಿದ ಮಿಲ್‌ಗಳನ್ನು ನಾನು ನೋಡಿದ್ದೇನೆ, ಮೇಲೆ ನಾನು ಊಹಿಸಿದ 1.2 ಕೋಟಿಯ ಲೆಕ್ಕದಲ್ಲಿ ಅದು ಇನ್ನೂ ಸೇರಿಲ್ಲ.

ನಿಮ್ಮ ಪತ್ರ ಓದಿ ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ. ಗುಂಡಿ, ಫೌಂಡೇಶನ್ ಸರಿ ಇದ್ದರೆ ಬಿಳಿ ಅಕ್ಕಿ ಲೈನ್ ಮುಗಿಸಿ, ಕುಸುಬಲಕ್ಕಿ ಭಾಗಕ್ಕೆ ಎರಡು ಸೀಸನ್ ಹಣ ಹಾಕಬೇಡಿ. ಹೊಲ ಮಾರಬೇಡಿ. ಬಾಯ್ಲರ್ ಇನ್ನೂ ಹೊಸದಿರುವಾಗಲೇ ಯಾರಾದರೂ ಕೇಳಿದರೆ ಬ್ಯಾಂಕ್ ಒಪ್ಪಿಗೆ ತಗೊಂಡು ಕೊಟ್ಟುಬಿಡಿ. ಫೌಂಡೇಶನ್ನೇ ಕೆಟ್ಟಿದ್ದರೆ ಪಾಲುದಾರರನ್ನು ಹುಡುಕಿ. ಯಾವ ದಾರಿ ಹಿಡಿದರೂ ಶುರು ಮಾಡುವ ಮುಂಚೆಯೇ ಮೂವರೂ ಕೂತು ಎರಡು ಅಂಕಿ ಬರೆದು ಸಹಿ ಹಾಕಿ: ಇನ್ನು ಇಷ್ಟಕ್ಕಿಂತ ಒಂದು ರೂಪಾಯಿ ಹೆಚ್ಚು ಹಾಕಲ್ಲ, ಇಂಥ ತಾರೀಕಿಗೆ ಖಾಲಿ ಮಿಷಿನ್ ಓಡದಿದ್ದರೆ ನಿಲ್ಲಿಸುತ್ತೇವೆ. ತಾರೀಕು ದಸರಾ ಒಳಗೆ ಇರಲಿ, ಯಾಕೆಂದರೆ ಖಾಲಿ ಓಡಿದ ಮಿಲ್ ಭತ್ತ ಹಾಕಿ ಸರಿಯಾಗಿ ಓಡಲು ಇನ್ನೂ ಕೆಲವು ವಾರ ಬೇಕಾಗುತ್ತದೆ. ಅಷ್ಟರವರೆಗೆ ಮೋಟಾರ್‌ಗಳ ಮೇಲಿನ ಪ್ಲಾಸ್ಟಿಕ್ ತೆಗೆಸಿ, ಒಳಗೆ ತೇವ ನಿಲ್ಲುತ್ತದೆ. ಬೇರಿಂಗ್‌ಗೆ ಗ್ರೀಸ್ ಹಾಕಿಸಿ, ವಾರಕ್ಕೊಮ್ಮೆ ಶಾಫ್ಟ್‌ಗಳನ್ನು ಕೈಯಲ್ಲಿ ತಿರುಗಿಸಲು ವಾಚ್‌ಮನ್‌ಗೆ ಹೇಳಿ, ಕೇಬಲ್‌ಗಳನ್ನು ಇಲಿ ಕಡಿಯದ ಹಾಗೆ ಮೇಲೆ ಎತ್ತಿ ಕಟ್ಟಿಸಿ, ಸೈಟಿನ ಇನ್ಶೂರೆನ್ಸ್ ಅವಧಿ ಮುಗಿದಿದೆಯಾ ನೋಡಿ. ಮುಗಿಸಿದರೂ ಮಾರಿದರೂ ಈ ಖರ್ಚು ವಾಪಸ್ ಬರುತ್ತದೆ.